ಮೊದಲ ಅರ್ಧ ಗಂಟೆಯ ಮುಯ್ಯಿ

(ನೌಕರರಿಗೆ ತರಬೇತಿ ಕೊಡುವವರು ಶಿವಮೊಗ್ಗದಲ್ಲಿ ಸೇರಿದ್ದ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಹೊರಗೆ ಮಳೆ ಜೋರಾಗಿದೆ. ಹಿಂದೆ ಕುಳಿತವರಿಗೆ ನನ್ನ ಮಾತು ಕೇಳದಿದ್ದರೆ ದಯವಿಟ್ಟು ಕುರ್ಚಿಯನ್ನು ಎತ್ತಿಕೊಂಡೇ ಮುಂದೆ ಬನ್ನಿ.

ತೀರ್ಥಹಳ್ಳಿ ತಾಲ್ಲೂಕಿನ ನಮ್ಮೂರಿನಲ್ಲಿ ನಾನು ಚಿಕ್ಕವಳಿದ್ದಾಗ ಅಡಿಕೆ ಸುಲಿಯುವ ಯಂತ್ರ ಬಂದಿರಲಿಲ್ಲ. ಅಡಿಕೆ ಗೊನೆಗಳ ಕೊಯ್ಲು ಶುರುವಾಯಿತೆಂದರೆ ಅಂಗಳದ ಚಪ್ಪರದಡಿ ರಾತ್ರಿಯವರೆಗೂ ಸುಲಿತ. ಹತ್ತು ಹನ್ನೆರಡು ಹೆಂಗಸರು ಮೆಟ್ಟುಗತ್ತಿ ಹಾಕಿಕೊಂಡು ಹಸಿ ಅಡಿಕೆಯ ರಾಶಿಯ ಸುತ್ತ ಕುಳಿತಿರುತ್ತಿದ್ದರು. ಒಂದು ವರ್ಷ ಆಗಷ್ಟೇ ಮದುವೆಯಾಗಿ ಊರಿಗೆ ಬಂದಿದ್ದ ಹುಡುಗಿಯೊಬ್ಬಳು ಸುಲಿಯಲು ಬಂದಳು. ಅವಳನ್ನು ಎದ್ದು ನಿಲ್ಲಿಸಿ ‘ನಿನ್ನ ಬಗ್ಗೆ ನಾಲ್ಕು ಮಾತು ಹೇಳು’ ಎಂದು ಯಾರೂ ಕೇಳಲಿಲ್ಲ. ಇಬ್ಬರು ಸ್ವಲ್ಪ ಸರಿದು ಜಾಗ ಮಾಡಿಕೊಟ್ಟರು. ಪಕ್ಕದಾಕೆ ಸ್ವಲ್ಪ ಹೊತ್ತು ಅವಳ ಕೈಯನ್ನೇ ನೋಡಿ, ‘ಅಷ್ಟು ಒತ್ತಬೇಡ ತಂಗಿ, ಸಿಪ್ಪೆ ಬಿಡುವ ಕಡೆ ಅದಾಗಿಯೇ ಬಿಡುತ್ತದೆ’ ಎಂದಳು. ಹುಡುಗಿ ತನ್ನ ಹೆಬ್ಬೆರಳಿಗೆ ಹಳೆಯ ಬಟ್ಟೆಯ ಪಟ್ಟಿಯೊಂದನ್ನು ಸುತ್ತಿಕೊಂಡಿದ್ದಳು, ತವರಿನ ಕಡೆಯ ರೂಢಿ. ಮರುದಿನ ಸಂಜೆ ನೋಡಿದರೆ ಇನ್ನೂ ಮೂವರ ಹೆಬ್ಬೆರಳಿಗೆ ಬಟ್ಟೆ ಬಂದಿತ್ತು. ಅವಳು ಆ ಗುಂಪಿಗೆ ಸೇರಿದ್ದು ಆ ಸಂಜೆ ಎಂದೇ ನಾನು ಲೆಕ್ಕ ಹಾಕುತ್ತೇನೆ. ಒಂದು ಕಿವಿಮಾತು ಪಡೆದಳು, ಒಂದು ಉಪಾಯ ಕೊಟ್ಟಳು.

ಮಲೆನಾಡಿನಲ್ಲಿ ಇದಕ್ಕೊಂದು ಮಾತಿದೆ, ಮುಯ್ಯಿ. ನಾಟಿಗೆ ನಮ್ಮ ಮನೆಯವರು ನಿಮ್ಮ ಗದ್ದೆಗೆ, ನಿಮ್ಮ ಮನೆಯವರು ನಮ್ಮ ಗದ್ದೆಗೆ ಬರುವ ಮುಯ್ಯಾಳು ಪದ್ಧತಿಯನ್ನು ಇಲ್ಲಿರುವ ಎಷ್ಟೋ ಜನ ಕಣ್ಣಾರೆ ಕಂಡಿದ್ದೀರಿ. ಕೂಲಿಗೆ ಬಂದವರಿಗೆ ಸಂಜೆ ಹಣ ಕೊಟ್ಟರೆ ಲೆಕ್ಕ ಮುಗಿಯಿತು. ಮುಯ್ಯಿಗೆ ಬಂದವರ ಸಂಗಡ ಲೆಕ್ಕ ಮುಗಿಯುವುದಿಲ್ಲ, ನಂಟು ಉಳಿಯುತ್ತದೆ. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಸಹಕಾರ ಸಂಘದ ಗುಮಾಸ್ತರಿಗೆ, ದಾದಿಯರಿಗೆ, ಕಚೇರಿ ಸಿಬ್ಬಂದಿಗೆ ತರಬೇತಿ ಕೊಟ್ಟ ಮೇಲೆ ನನಗೆ ಖಚಿತವಾಗಿರುವ ಸಂಗತಿ ಇದೊಂದೇ: ಹೊಸ ಗುಂಪನ್ನು ಒಂದಾಗಿಸುವುದು ಪರಿಚಯವಲ್ಲ, ಮುಯ್ಯಿ. ಮೊದಲ ಅರ್ಧ ಗಂಟೆಯೊಳಗೆ ಪ್ರತಿಯೊಬ್ಬರೂ ಪಕ್ಕದವರಿಗೆ ಉಪಯೋಗವಾಗುವ ಏನನ್ನಾದರೂ ಕೊಟ್ಟಿರಬೇಕು, ಏನನ್ನಾದರೂ ಪಡೆದಿರಬೇಕು.

ನಮ್ಮ ತರಬೇತಿಗಳು ಶುರುವಾಗುವುದು ಹೇಗೆ ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಪ್ರಾರ್ಥನೆ, ಸ್ವಾಗತ, ದೀಪ, ಪ್ರಾಸ್ತಾವಿಕ ನುಡಿ, ಅತಿಥಿಗಳ ಮಾತು, ಅಧ್ಯಕ್ಷರ ಮಾತು, ವಂದನಾರ್ಪಣೆ. ದೀಪ ಬೆಳಗುವುದರ ಬಗ್ಗೆ ನನಗೆ ಗೌರವವಿದೆ. ಆದರೆ ಹತ್ತು ಗಂಟೆಗೆ ಬಂದು ಕುಳಿತವರು ಹನ್ನೊಂದೂವರೆಯವರೆಗೆ ಬಾಯಿ ತೆರೆಯಲು ಅವಕಾಶವೇ ಇಲ್ಲದಿದ್ದರೆ, ‘ಇಲ್ಲಿ ಮಾತನಾಡುವವರು ವೇದಿಕೆಯ ಮೇಲಿದ್ದಾರೆ, ನಾವು ಕೇಳುವವರು’ ಎಂಬ ಪಾಠ ಆ ಒಂದೂವರೆ ಗಂಟೆಯಲ್ಲಿ ಗಟ್ಟಿಯಾಗಿ ಕುಳಿತುಬಿಡುತ್ತದೆ. ಆಮೇಲೆ ನಾವು ಮೈಕ್ ಹಿಡಿದು ‘ಸಂಕೋಚವಿಲ್ಲದೆ ಮಾತನಾಡಿ’ ಎಂದು ಎಷ್ಟು ಕೇಳಿಕೊಂಡರೂ ಆ ಪಾಠ ಅಳಿಸುವುದಿಲ್ಲ. ನಾನು ಈಗ ಆಯೋಜಕರನ್ನು ಒಂದು ವಿಷಯಕ್ಕೆ ಒಪ್ಪಿಸುತ್ತೇನೆ: ಉದ್ಘಾಟನೆ ಚಹಾದ ನಂತರ ಇರಲಿ. ಅಷ್ಟರಲ್ಲಿ ಗುಂಪು ಆಗಿರುತ್ತದೆ, ಅತಿಥಿಗಳಿಗೂ ಎದುರಿಗೆ ಜೀವಂತ ಮುಖಗಳು ಕಾಣುತ್ತವೆ.

ಇನ್ನು ಸರದಿಯ ಪರಿಚಯ. ಮೂವತ್ತು ಜನ ಒಬ್ಬೊಬ್ಬರಾಗಿ ಎದ್ದು ನಿಂತು ಹೆಸರು, ಹುದ್ದೆ, ಕಚೇರಿ, ಎಷ್ಟು ವರ್ಷದ ಸೇವೆ ಎಂದು ಹೇಳಿ ಕುಳಿತುಕೊಳ್ಳುವುದು. ತಲೆಗೆ ಎರಡು ನಿಮಿಷವಾದರೆ ಒಂದು ಗಂಟೆ. ಆ ಗಂಟೆಯಲ್ಲಿ ಒಬ್ಬ ವ್ಯಕ್ತಿ ಮಾತನಾಡಿದ್ದು ಎರಡು ನಿಮಿಷ, ಕೇಳಿದ್ದು 58 ನಿಮಿಷ. ಕೇಳಿದ್ದೂ ನಿಜವಲ್ಲ. 1973ರಲ್ಲಿ ಮಾಲ್ಕಮ್ ಬ್ರೆನರ್ ಎಂಬ ಸಂಶೋಧಕರು, ಜನರನ್ನು ಸರದಿಯಂತೆ ಓದಿಸಿ ಯಾರಿಗೆ ಏನು ನೆನಪಿದೆ ಎಂದು ನೋಡಿದರು. ತಮ್ಮ ಸರದಿಗೆ ಸ್ವಲ್ಪವೇ ಮೊದಲು ಬಂದವರು ಓದಿದ್ದು ಜನರ ನೆನಪಿನಲ್ಲಿ ಬಹಳ ಕಡಿಮೆ ಉಳಿದಿತ್ತು. ಕಾರಣ ನಮಗೆಲ್ಲ ಗೊತ್ತಿರುವುದೇ. ಮುಂದಿನ ಸರದಿ ನನ್ನದು ಎಂದಾಗ ಎದೆ ಹೊಡೆದುಕೊಳ್ಳುತ್ತಿರುತ್ತದೆ, ಮನಸ್ಸಿನೊಳಗೆ ನನ್ನ ವಾಕ್ಯವೇ ತಿರುಗುತ್ತಿರುತ್ತದೆ. ಅಂದರೆ ನಮ್ಮ ಪಕ್ಕದಲ್ಲೇ ಕುಳಿತವರ ಹೆಸರು, ಇಡೀ ದಿನ ಯಾರ ಜೊತೆ ಮೊಣಕೈ ತಾಗಿಸಿಕೊಂಡು ಕುಳಿತಿರಬೇಕೋ ಅವರ ಹೆಸರೇ, ನಮಗೆ ಕೇಳಿಸುವುದಿಲ್ಲ.

ಅದೇ ಮೂವತ್ತು ಜನರನ್ನು ಜೋಡಿ ಮಾಡಿ ಹತ್ತು ನಿಮಿಷ ಕೊಡಿ. ಹದಿನೈದು ಜನ ಒಟ್ಟಿಗೆ ಮಾತನಾಡುತ್ತಿರುತ್ತಾರೆ. ಪ್ರತಿಯೊಬ್ಬರಿಗೂ ಐದು ನಿಮಿಷ ಮಾತು, ಐದು ನಿಮಿಷ ಕಿವಿ. ಜೋಡಿ ಬದಲಿಸಿ ಮೂರು ಸುತ್ತು ಮಾಡಿದರೆ ಅರ್ಧ ಗಂಟೆ. ಮೂವತ್ತು ಜನರ ನಡುವೆ ಆಗಬಹುದಾದ ಜೋಡಿಗಳು 435, ಅಷ್ಟನ್ನೂ ಬೆಸೆಯಲು ಯಾರಿಂದಲೂ ಆಗದು, ಬೇಕಾಗಿಯೂ ಇಲ್ಲ. ಚಹಾಕ್ಕೆ ಎದ್ದಾಗ ಹತ್ತಿರ ಹೋಗಿ ನಿಲ್ಲಬಹುದಾದ ಮೂರು ಮುಖಗಳು ಪ್ರತಿಯೊಬ್ಬರಿಗೂ ಇದ್ದರೆ ಸಾಕು. ಒಬ್ಬಂಟಿಯಾಗಿ ಕಿಟಕಿಯ ಬಳಿ ಲೋಟ ಹಿಡಿದು ನಿಂತವರು ಮಧ್ಯಾಹ್ನ ಕೈ ಎತ್ತುವುದಿಲ್ಲ. ಇದನ್ನು ನಾನು ಎಷ್ಟು ಬಾರಿ ನೋಡಿದ್ದೇನೆಂದರೆ, ಚಹಾದ ವೇಳೆ ಒಬ್ಬರೇ ನಿಂತವರನ್ನು ಎಣಿಸುವುದೇ ನನಗೆ ಅಭ್ಯಾಸವಾಗಿದೆ.

ಆಟಗಳ ವಿಷಯಕ್ಕೆ ಬರುತ್ತೇನೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನು ಆಟಗಳನ್ನು ತುಂಬ ನಂಬಿದ್ದೆ. ಒಂದು ಕಚೇರಿಯ ಸಿಬ್ಬಂದಿಯನ್ನು ವೃತ್ತಾಕಾರವಾಗಿ ನಿಲ್ಲಿಸಿ ಚೆಂಡು ಎಸೆದು, ಚೆಂಡು ಹಿಡಿದವರು ತಮ್ಮ ಹೆಸರಿನ ಮೊದಲ ಅಕ್ಷರದಿಂದ ಶುರುವಾಗುವ ಪ್ರಾಣಿಯೊಂದನ್ನು ಹೆಸರಿಗೆ ಸೇರಿಸಿ ಹೇಳಬೇಕು ಎಂದಿದ್ದೆ. ನಿವೃತ್ತಿಗೆ ಹತ್ತಿರವಿದ್ದ ಜವಾನರೊಬ್ಬರ ಕೈಗೆ ಚೆಂಡು ಬಂತು. ಅವರಿಗೆ ತಕ್ಷಣ ಹೊಳೆಯಲಿಲ್ಲ. ಎದುರಿಗಿದ್ದ ಕಿರಿಯ ಅಧಿಕಾರಿಯೊಬ್ಬರು ‘ಕೋತಿ ಅನ್ನು, ಕೋತಿ’ ಎಂದು ಕೂಗಿದರು. ಎಲ್ಲರೂ ನಕ್ಕರು. ಅವರೂ ನಕ್ಕು, ಹಾಗೇ ಹೇಳಿ, ಚೆಂಡನ್ನು ಬಹಳ ಮೆಲ್ಲಗೆ ಪಕ್ಕದವರ ಕೈಗೆ ಕೊಟ್ಟರು, ಎಸೆಯಲಿಲ್ಲ. ಊಟದ ನಂತರ ಅವರ ಕುರ್ಚಿ ಖಾಲಿಯಿತ್ತು. ದಿನವೂ ಕಚೇರಿಯಲ್ಲಿ ಏಕವಚನದಲ್ಲಿ ಕರೆಸಿಕೊಳ್ಳುವ ಮನುಷ್ಯನನ್ನು ತರಬೇತಿಯ ಹೆಸರಿನಲ್ಲಿ ಇನ್ನಷ್ಟು ಕೆಳಗಿಳಿಸಿದ್ದೆ. ತಪ್ಪು ನನ್ನದು. ನಗು ಬಂದರೆ ಗುಂಪು ಒಂದಾಯಿತು ಎಂದು ನಾವು ತಿಳಿಯುತ್ತೇವೆ. ಯಾರ ಮೇಲೆ ನಗು ಬಂತು ಎಂಬುದನ್ನು ನೋಡುವುದಿಲ್ಲ. ಸಮಾನರ ನಡುವೆ ಆಡಿದ ಆಟ ಸಲುಗೆ ತರುತ್ತದೆ. ಸಮಾನರಲ್ಲದವರ ನಡುವೆ ಅದೇ ಆಟ ಇರುವ ಮೇಲು ಕೀಳನ್ನೇ ಮತ್ತೊಮ್ಮೆ ಆಡಿ ತೋರಿಸುತ್ತದೆ.

ಹಾಗಾದರೆ ಜೋಡಿಗಳಿಗೆ ಏನು ಕೊಡಬೇಕು? ಅವರ ಕೆಲಸದೊಳಗಿನ ಒಂದು ಪ್ರಶ್ನೆಯನ್ನು. ಒಂದು ಉದಾಹರಣೆಯನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳ ಗಣಕೀಕರಣಕ್ಕೆ ಕೇಂದ್ರ ಸರ್ಕಾರ 2022ರಲ್ಲಿ ಒಪ್ಪಿಗೆ ಕೊಟ್ಟ ಮೇಲೆ, ಕಂಪ್ಯೂಟರಿನಲ್ಲಿ ಲೆಕ್ಕ ಬರೆಯುವ ತರಬೇತಿ ಎಲ್ಲ ಕಡೆ ಬೇಕಾಯಿತು. ನಮ್ಮ ಕಡೆ ಸಂಘಗಳಲ್ಲಿ ಎರಡು ತಲೆಮಾರು ಇದೆ. ಮೂವತ್ತು ವರ್ಷ ಕಿರ್ದಿ, ಖತಾವಣಿ ಎಂಬ ಲೆಕ್ಕದ ಪುಸ್ತಕಗಳನ್ನು ಬರೆದು ಕೈ ಪಳಗಿದ ಕಾರ್ಯದರ್ಶಿಗಳು ಒಂದು ಕಡೆ, ಬಿ.ಕಾಂ. ಮುಗಿಸಿ ಬಂದ ಹುಡುಗ ಹುಡುಗಿಯರು ಇನ್ನೊಂದು ಕಡೆ. ಇಂಥ ಒಂದು ತಂಡದಲ್ಲಿ ಹಿರಿಯರೆಲ್ಲ ಬಾಗಿಲ ಪಕ್ಕದ ಸಾಲಿನಲ್ಲಿ ಕುಳಿತಿದ್ದರು. ಮೌಸ್ ಮುಟ್ಟಿ ಎಡವಿದರೆ ಮಕ್ಕಳ ಮುಂದೆ ಮಾನ ಹೋಗುತ್ತದೆ ಎಂಬ ಭಯ ಅವರ ಭುಜದಲ್ಲೇ ಕಾಣುತ್ತಿತ್ತು.

ನಾನು ಹಿರಿಯರೊಬ್ಬರು, ಕಿರಿಯರೊಬ್ಬರು ಬರುವಂತೆ ಜೋಡಿ ಮಾಡಿ, ಕಂಪ್ಯೂಟರನ್ನು ಶುರುಮಾಡದೆ, ಒಂದೇ ಪ್ರಶ್ನೆ ಕೊಟ್ಟೆ: ‘ಲೆಕ್ಕ ತಾಳೆಯಾಗದೆ ನೀವು ಸಂಘದಲ್ಲಿ ಕತ್ತಲಾಗುವವರೆಗೆ ಕುಳಿತ ದಿನ ಯಾವುದು? ತಪ್ಪು ಕೊನೆಗೆ ಎಲ್ಲಿ ಸಿಕ್ಕಿತು?’

ಸಂಘದಲ್ಲಿ ಕೆಲಸ ಮಾಡಿದ ಪ್ರತಿಯೊಬ್ಬರ ಬಳಿಯೂ ಅಂಥ ಒಂದು ದಿನ ಇರುತ್ತದೆ. ಎರಡು ನಿಮಿಷದಲ್ಲಿ ಕೋಣೆ ಗದ್ದಲವಾಯಿತು. ನಾನು ಒಂದು ಜೋಡಿಯ ಹಿಂದೆ ನಿಂತಿದ್ದೆ. ಹುಡುಗ ಹೇಳುತ್ತಿದ್ದ: ‘270 ರೂಪಾಯಿ ವ್ಯತ್ಯಾಸ ಬಂತು ಸಾರ್. ಮೂರು ದಿನದ ರಸೀದಿಗಳನ್ನೆಲ್ಲ ಮತ್ತೆ ಕೂಡಿದೆ.’

ಹಿರಿಯರು ಕನ್ನಡಕ ತೆಗೆದು ಕೇಳಿದರು: ‘ಒಂಬತ್ತರಿಂದ ಭಾಗಿಸಿ ನೋಡಲಿಲ್ಲವೇನಪ್ಪಾ?’

‘ಒಂಬತ್ತರಿಂದಲೇ? ಯಾಕೆ ಸಾರ್?’

ಅವರು ಹುಡುಗನ ಪುಸ್ತಕವನ್ನೇ ಎಳೆದುಕೊಂಡು ಬರೆದರು. 1,850 ಎಂದು ಬರೆಯಬೇಕಾದಲ್ಲಿ 1,580 ಎಂದು ಬರೆದರೆ ವ್ಯತ್ಯಾಸ 270. ಅಕ್ಕಪಕ್ಕದ ಎರಡು ಅಂಕೆ ತಿರುಗಿ ಬಿದ್ದರೆ ಬರುವ ವ್ಯತ್ಯಾಸ ಯಾವಾಗಲೂ ಒಂಬತ್ತರಿಂದ ಭಾಗವಾಗುತ್ತದೆ. 270 ಎಂದರೆ ಮೂರು ತೊಂಬತ್ತು. ಆದ್ದರಿಂದ ನೂರರ ಮತ್ತು ಹತ್ತರ ಸ್ಥಾನದಲ್ಲಿ ಮೂರು ಅಂತರವಿರುವ ಎರಡು ಅಂಕೆಗಳನ್ನು ಹುಡುಕಬೇಕು, ಎಂಟು ಐದು, ಏಳು ನಾಲ್ಕು, ಹೀಗೆ. ‘ಅದೂ ಸಿಗದಿದ್ದರೆ ವ್ಯತ್ಯಾಸವನ್ನು ಅರ್ಧ ಮಾಡು. 135 ರೂಪಾಯಿಯ ಬಾಬ್ತು ಯಾವುದಾದರೂ ಜಮಾದ ಬದಲು ಖರ್ಚಿಗೆ ಬಿದ್ದಿರುತ್ತದೆ.’ ಹುಡುಗ ಬಾಯಿ ತೆರೆದುಕೊಂಡು ನೋಡುತ್ತಿದ್ದ. ‘ನಮ್ಮ ಕಾಲೇಜಿನಲ್ಲಿ ಯಾರೂ ಇದನ್ನು ಹೇಳಿಕೊಡಲಿಲ್ಲ ಸಾರ್’ ಎಂದ. ಹಿರಿಯರು ಬೆನ್ನು ನೇರ ಮಾಡಿ ಕುಳಿತರು.

ಮಧ್ಯಾಹ್ನ ಕಂಪ್ಯೂಟರ್ ಮುಂದೆ ಅದೇ ಇಬ್ಬರು. ಹಿರಿಯರ ಕೈಯಲ್ಲಿ ಮೌಸ್ ನಡುಗುತ್ತಿತ್ತು. ಹುಡುಗ ಅವರ ಕೈಯ ಮೇಲೆ ಕೈಯಿಡದೆ, ಮೌಸನ್ನು ಕಿತ್ತುಕೊಳ್ಳದೆ, ‘ನಿಧಾನ ಸಾರ್, ಅದು ಎಲ್ಲಿಗೂ ಓಡಿಹೋಗುವುದಿಲ್ಲ’ ಎಂದು ಕಾದ. ಬೆಳಿಗ್ಗೆ ಪಡೆದದ್ದಕ್ಕೆ ಮಧ್ಯಾಹ್ನ ಮುಯ್ಯಿ ತೀರಿಸುತ್ತಿದ್ದ. ಸಂಜೆಯ ಹೊತ್ತಿಗೆ ‘ಸಾರ್’ ಹೋಗಿ ‘ಅಣ್ಣಾ’ ಬಂದಿತ್ತು. ಇಷ್ಟಕ್ಕೆ ನಾನು ಮಾಡಿದ್ದು ಒಂದು ಪ್ರಶ್ನೆಯನ್ನು ಆರಿಸಿದ್ದು ಮಾತ್ರ. ಆದರೆ ಆ ಪ್ರಶ್ನೆ ಹುಡುಕಲು ಹಿಂದಿನ ವಾರ ಎರಡು ಸಂಘಗಳಿಗೆ ಹೋಗಿ ಅರ್ಧ ಅರ್ಧ ದಿನ ಕುಳಿತಿದ್ದೆ.

ಪ್ರಶ್ನೆ ಹೇಗಿರಬೇಕು ಎಂದು ನೀವು ಕೇಳಬಹುದು. ಎಲ್ಲರ ಬಳಿಯೂ ಉತ್ತರವಿರಬೇಕು, ಹೇಳಿದರೆ ಯಾರಿಗೂ ಅವಮಾನವಾಗಬಾರದು, ದಿನದ ಪಾಠಕ್ಕೆ ಅದರಿಂದಲೇ ಬಾಗಿಲು ತೆರೆಯಬೇಕು. ಅದಕ್ಕಿಂತ ಮುಖ್ಯವಾಗಿ ನಾನು ಹೇಳಬೇಕಿರುವುದು ಯಾವ ಪ್ರಶ್ನೆ ಕೇಳಬಾರದು ಎಂಬುದನ್ನು.

ನಮ್ಮ ಕಡೆಯ ಮೊದಲ ಪ್ರಶ್ನೆ ‘ಯಾವ ಊರಾಯಿತು?’ ಎರಡನೆಯದು ‘ಯಾರ ಮನೆ?’ ಬಸ್ಸಿನಲ್ಲಿ, ಮದುವೆ ಮನೆಯಲ್ಲಿ ಇದು ಪ್ರೀತಿಯ ಪ್ರಶ್ನೆ, ಐದು ನಿಮಿಷದಲ್ಲಿ ನೆಂಟಸ್ತಿಕೆ ಹುಡುಕಿ ಕೊಡುತ್ತದೆ. ಆದರೆ ಇದೇ ಪ್ರಶ್ನೆ ಐದು ನಿಮಿಷದಲ್ಲಿ ಜಾತಿಯನ್ನೂ ಹುಡುಕಿ ಕೊಡುತ್ತದೆ. ಮಲೆನಾಡಿನ ಒಂಟಿಮನೆಗಳ ಊರುಗಳಲ್ಲಿ ಊರು ಮತ್ತು ಮನೆಯ ಹೆಸರು ಗೊತ್ತಾದರೆ ಕೇಳುವುದಕ್ಕೆ ಇನ್ನೇನೂ ಉಳಿಯುವುದಿಲ್ಲ. ತರಬೇತಿಯ ಕೋಣೆಯಲ್ಲಿ ಆ ಪ್ರಶ್ನೆ ಹಾಕಿದ ಕ್ಷಣ ಕೆಲವರ ಮುಖ ಅರಳುತ್ತದೆ, ಕೆಲವರ ಮುಖ ಬಾಡುತ್ತದೆ. ಬಾಡಿದ ಮುಖಗಳನ್ನು ನೋಡಿದ ಮೇಲೆ ನಾನು ಊರನ್ನು ಕೇಳುವುದನ್ನು ಬಿಟ್ಟೆ. ಚಹಾದ ವೇಳೆ ಅವರವರೇ ಕೇಳಿಕೊಂಡರೆ ಅದು ಅವರಿಗೆ ಸೇರಿದ್ದು.

‘ಮಕ್ಕಳೆಷ್ಟು?’ ಎಂಬುದೂ ಹಾಗೆಯೇ. ದಾದಿಯರ ತರಬೇತಿಯೊಂದರಲ್ಲಿ ಸಹ ತರಬೇತುದಾರರೊಬ್ಬರು ಸಲುಗೆ ಬೆಳೆಯಲೆಂದು ‘ನಿಮ್ಮ ಕುಟುಂಬದ ಬಗ್ಗೆ ಹೇಳಿ’ ಎಂದರು. ಸದ್ದುಗದ್ದಲದಲ್ಲಿದ್ದ ಕೋಣೆಯಲ್ಲಿ ಒಬ್ಬರು ಮಾತ್ರ ಕೈಚೀಲದೊಳಗೆ ಏನನ್ನೋ ಹುಡುಕುತ್ತಲೇ ಇದ್ದರು, ತಮ್ಮ ಸರದಿ ದಾಟುವವರೆಗೂ. ಅವರು ಏನು ಹುಡುಕುತ್ತಿದ್ದರೆಂದು ನಾನು ಕೇಳಲಿಲ್ಲ. ಮನಸ್ಸು ತೆರೆಯಲಿ ಎಂದು ನಾವು ಬಾಗಿಲು ತಟ್ಟಬಹುದು, ಒಳಗೆ ನುಗ್ಗುವ ಹಕ್ಕು ನಮಗಿಲ್ಲ.

ಇಷ್ಟೆಲ್ಲ ತಲೆಕೆಡಿಸಿಕೊಳ್ಳುವುದು ಏಕೆ, ವಿಷಯ ಕಲಿಸಿ ಕಳಿಸಿದರೆ ಸಾಲದೇ ಎನ್ನುವವರಿದ್ದಾರೆ. ಅಮೆರಿಕದ ಸಂಶೋಧಕಿ ಏಮಿ ಎಡ್ಮಂಡ್ಸನ್ ಅವರು 1990ರ ದಶಕದಲ್ಲಿ ಆಸ್ಪತ್ರೆಗಳ ತಂಡಗಳನ್ನು ಅಧ್ಯಯನ ಮಾಡಿದರು. ಒಳ್ಳೆಯ ತಂಡಗಳಲ್ಲಿ ಔಷಧ ಕೊಡುವಾಗಿನ ತಪ್ಪುಗಳು ಕಡಿಮೆ ಇರುತ್ತವೆ ಎಂಬ ನಿರೀಕ್ಷೆ ಅವರದು. ಲೆಕ್ಕ ಉಲ್ಟಾ ಬಂತು, ಒಳ್ಳೆಯ ತಂಡಗಳಲ್ಲೇ ಹೆಚ್ಚು ತಪ್ಪು. ಕೆದಕಿ ನೋಡಿದಾಗ ಕಂಡ ಉತ್ತರ, ಆ ತಂಡದವರು ತಪ್ಪನ್ನು ಮುಚ್ಚಿಡದೆ ಹೇಳುತ್ತಿದ್ದರು ಎಂಬುದು. ನನ್ನ ತರಬೇತಿ ಕೋಣೆಯಲ್ಲಿ ತಪ್ಪು ನಮೂದು ಮಾಡಿ, ಪಕ್ಕದವರಿಗೆ ಹೇಳಲು ಅಂಜಿ, ಸುಮ್ಮನೆ ಪರದೆ ಮುಚ್ಚಿದ ಗುಮಾಸ್ತ ಮುಂದಿನ ವಾರ ಅದೇ ತಪ್ಪನ್ನು ರೈತರೊಬ್ಬರ ಸಾಲದ ಖಾತೆಯಲ್ಲಿ ಮಾಡುತ್ತಾನೆ. ನನಗೆ ನಿದ್ದೆ ಕೆಡಿಸುವುದು ಇದು.

ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಶಸ್ತ್ರಚಿಕಿತ್ಸೆಗೆಂದು 19 ಅಂಶಗಳ ಸುರಕ್ಷಾ ಪಟ್ಟಿಯೊಂದನ್ನು ಹೊರತಂದಿತು. ಚರ್ಮಕ್ಕೆ ಕತ್ತಿ ತಾಗುವ ಮುನ್ನ ಓದಬೇಕಾದ ಭಾಗದಲ್ಲಿ ಮೊದಲ ಅಂಶವೇ, ಕೊಠಡಿಯಲ್ಲಿರುವ ಎಲ್ಲರೂ ತಮ್ಮ ಹೆಸರು ಮತ್ತು ಪಾತ್ರ ಹೇಳಿಕೊಂಡಿದ್ದಾರೆಯೇ ಎಂಬುದು. ಜೀವ ಮರಣದ ಕೆಲಸದಲ್ಲೂ ಹೆಸರಿಗೆ ಅಷ್ಟು ಬೆಲೆ. ನಮ್ಮಲ್ಲಿ ‘ಸಾರ್’, ‘ಮೇಡಂ’ಗಳ ಹಿಂದೆ ಹೆಸರೇ ಮಾಯವಾಗುತ್ತದೆ. ದಪ್ಪ ಕಾಗದ ಮಡಚಿ, ಯಾರು ಯಾವ ಹೆಸರಿನಿಂದ ಕರೆಸಿಕೊಳ್ಳಲು ಇಷ್ಟಪಡುತ್ತಾರೋ ಅದನ್ನು ಅವರ ಕೈಯಲ್ಲೇ ದೊಡ್ಡದಾಗಿ ಬರೆಸಿ ಮೇಜಿನ ಮೇಲಿಡಿಸಿ. ಹುದ್ದೆ ಬೇಡ.

ಇನ್ನು ನಮ್ಮ ಊರಿನ ಹವೆ. ಜುಲೈನಲ್ಲಿ ಹೊಸನಗರ, ಸೊರಬದಿಂದ ಬರುವವರು ಬೆಳಗಿನ ಮೊದಲ ಬಸ್ಸು ಹಿಡಿದು, ಅರ್ಧ ನೆನೆದು ಬಂದಿರುತ್ತಾರೆ. 2025ರಲ್ಲಿ ಸಿಗಂದೂರಿನ ಸೇತುವೆ ಆಗುವವರೆಗೆ ತುಮರಿ ಕಡೆಯವರಿಗೆ ಶರಾವತಿ ಹಿನ್ನೀರು ದಾಟಿಸುವ ಲಾಂಚ್ ತಪ್ಪಿದರೆ ಎಂಬ ಆತಂಕ ಬೇರೆ. ಅಂಥವರಿಗೆ ಬಿಸಿ ಕಷಾಯದ ಲೋಟ ಕೈಗೆ ಬರುವ ಮೊದಲು ಹಾಜರಿ ಪುಸ್ತಕ ಬರಬಾರದು. ಕೊಡೆ ಇಡಲು ಜಾಗ, ಕಾಲು ಒರೆಸಿಕೊಳ್ಳಲು ಒಣಗಿದ ಗೋಣಿಚೀಲ, ಇವನ್ನು ನೀವೇ ನೋಡಿಕೊಳ್ಳಿ. ಬಂದವರನ್ನು ಹೊಸ್ತಿಲಲ್ಲೇ ಮಾತನಾಡಿಸಿ. ಮೊಬೈಲ್ ಬಂದ್ ಮಾಡಿ ಎಂದು ಗೋಡೆಗೆ ಅಂಟಿಸಬೇಡಿ. ಮಳೆಗೆ ಶಾಲೆಗಳಿಗೆ ರಜೆ ಘೋಷಣೆಯಾದ ಸುದ್ದಿ ಬೆಳಿಗ್ಗೆ ಮೊಬೈಲಿಗೇ ಬರುವುದು, ಮಗು ಎಲ್ಲಿದೆ ಎಂದು ತಿಳಿಯದ ತಾಯಿಗೆ ನಿಮ್ಮ ಪಾಠ ತಲೆಗೆ ಹತ್ತುವುದಿಲ್ಲ. ನಿಯಮ ಬೇಕೇ ಬೇಕು ಎಂದಾದರೆ ‘ಹಿಂದಿನ ಯಾವ ತರಬೇತಿಯಲ್ಲಿ ನಿಮಗೆ ಬೇಸರವಾಗಿತ್ತು?’ ಎಂದು ಅವರನ್ನೇ ಕೇಳಿ. ಬಂದ ಉತ್ತರಗಳನ್ನೇ ತಿರುಗಿಸಿದರೆ ನಿಯಮಗಳು ಸಿಗುತ್ತವೆ.

ಕುರ್ಚಿಗಳನ್ನು ಸಾಲಿನಿಂದ ಬಿಡಿಸಿ ಅರ್ಧವೃತ್ತ ಮಾಡಿ. ಮೇಲಧಿಕಾರಿಗಳು ಇರುವುದಾದರೆ ಜೋಡಿಯಲ್ಲಿ ಕುಳಿತು ಅವರೂ ಅದೇ ಪ್ರಶ್ನೆಗೆ ಉತ್ತರಿಸಲಿ, ಇಲ್ಲವಾದರೆ ಊಟದ ನಂತರ ಬರಲಿ ಎಂದು ವಿನಯದಿಂದ ಮೊದಲೇ ಹೇಳಿಡಿ. ಹಿಂದೆ ಕುಳಿತು ನೋಡುತ್ತೇನೆ ಎಂದರೆ ಒಪ್ಪಬೇಡಿ.

ಎರಡನೆಯ ದಿನ ಜಗಳ ಬಂದರೆ ಹೆದರಬೇಡಿ. ಅಮೆರಿಕದ ಮನಶ್ಶಾಸ್ತ್ರಜ್ಞ ಬ್ರೂಸ್ ಟಕ್‌ಮನ್ 1965ರಲ್ಲಿಯೇ ಬರೆದಿದ್ದಾರೆ, ಗುಂಪು ಸೇರುತ್ತದೆ, ಆಮೇಲೆ ತಿಕ್ಕಾಟ, ಆಮೇಲೆ ರೀತಿ ನೀತಿ ಕೂಡಿಬರುತ್ತದೆ, ಆಮೇಲೆ ಕೆಲಸ ಸಾಗುತ್ತದೆ ಎಂದು. ಮೊದಲ ದಿನ ಮುಯ್ಯಿ ಮಾಡಿಕೊಂಡವರ ಜಗಳ ವಿಷಯದ ಮೇಲೆ ನಡೆಯುತ್ತದೆ, ಊಟಕ್ಕೆ ಒಟ್ಟಿಗೇ ಹೋಗುತ್ತಾರೆ.

ಆ ದಿನ ನಾನು ಇಷ್ಟು ಹೇಳಿ ಮಾತು ಮುಗಿಸಿದಾಗ ಭದ್ರಾವತಿಯಿಂದ ಬಂದಿದ್ದ ಯುವ ತರಬೇತುದಾರರೊಬ್ಬರು ಎದ್ದು, ‘ನನಗೆ ಸಿಗುವುದು ಒಂದೇ ದಿನ ಮೇಡಂ, ಪಾಠ ಎರಡು ದಿನದ್ದು. ಅರ್ಧ ಗಂಟೆಯನ್ನು ಎಲ್ಲಿಂದ ತರಲಿ?’ ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ. ಜೋಡಿಗಳ ಪ್ರಶ್ನೆ ನಿಮ್ಮ ಪಾಠದೊಳಗಿಂದಲೇ ಬಂದಿದ್ದರೆ ಆ ಅರ್ಧ ಗಂಟೆ ಪಾಠದ್ದೇ ಎಂದೆ. ಒಂಬತ್ತರ ಲೆಕ್ಕವನ್ನು ನಾನು ಕಲಿಸಬೇಕಾಗಿತ್ತು, ನನಗಿಂತ ಚೆನ್ನಾಗಿ ಆ ಹಿರಿಯರೇ ಕಲಿಸಿದ್ದರು.

ಆಮೇಲೆ ನಾನೇ ಸಭೆಯ ಸಹಾಯ ಕೇಳಿದೆ. ಮರುದಿನ ಸೊರಬದಲ್ಲಿ 22 ಅಂಗನವಾಡಿ ಕಾರ್ಯಕರ್ತೆಯರಿಗೆ ಮಕ್ಕಳ ತೂಕ, ಎತ್ತರ ದಾಖಲಿಸುವ ತರಬೇತಿ ಇತ್ತು. ಮೊದಲ ಪ್ರಶ್ನೆ ನನಗೆ ಇನ್ನೂ ಹೊಳೆದಿರಲಿಲ್ಲ. ಮೂರನೆಯ ಸಾಲಿನಿಂದ ಒಬ್ಬರು ಹೇಳಿದರು: ‘ತಕ್ಕಡಿ ಕಂಡರೆ ಅಳುವ ಮಗುವನ್ನು ನೀವು ಹೇಗೆ ಸಮಾಧಾನ ಮಾಡುತ್ತೀರಿ ಎಂದು ಕೇಳಿ ನೋಡಿ.’

ನಾನು ಅದನ್ನು ಬರೆದುಕೊಳ್ಳುತ್ತಿರುವಾಗಲೇ ಅವರ ಪಕ್ಕದವರು, ‘ನಮ್ಮ ಕೇಂದ್ರದಲ್ಲಿ ಮೊದಲು ಗೊಂಬೆಯನ್ನು ತೂಗುತ್ತೇವೆ’ ಎನ್ನುತ್ತಿದ್ದರು. ಹಿಂದಿನ ಸಾಲಿನಿಂದ ಇಬ್ಬರು ಕುರ್ಚಿಯನ್ನು ಆ ಕಡೆಗೆ ತಿರುಗಿಸಿಕೊಂಡಿದ್ದರು.